ಏಳು ಮುಚ್ಚಳ ಖಾರ

ಬಸ್ ಡಿಪೋದ ಕ್ಯಾಂಟೀನಿನಲ್ಲಿ ದಿನಾ ಹನ್ನೊಂದೂವರೆಗೆ ಸರಿಯಾಗಿ ಒಂದು ಘನಕಾರ್ಯ ನಡೆಯುತ್ತಿತ್ತು. ಮುಖ್ಯ ಅಡಿಗೆಯವಳಾದ ದೊಡ್ಡಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು ಅರವತ್ತು ಲೀಟರಿನ ಹಂಡೆಯ ಮುಂದೆ ಬಂದು ನಿಲ್ಲುವಳು. ಉದ್ದನೆಯ ಸೌಟಿನಿಂದ ನಾಲ್ಕು ತೊಟ್ಟು ಸೂಪನ್ನು ಅಂಗೈಗೆ ಬಿಟ್ಟುಕೊಂಡು ಸೊರ್ರೆಂದು ಹೀರಿ ಕಣ್ಣು ಮುಚ್ಚುವಳು. ಅಡಿಗೆಮನೆಯಲ್ಲಿ ಚಾಕು ನಿಲ್ಲುತ್ತಿತ್ತು, ನಲ್ಲಿ ನಿಲ್ಲುತ್ತಿತ್ತು, ಕೆಮ್ಮು ಬಂದವರು ಅದನ್ನೂ ನುಂಗಿಕೊಳ್ಳುತ್ತಿದ್ದರು. ಆಮೇಲೆ ದೊಡ್ಡಕ್ಕ ಒಂದೇ ಒಂದು ಸಲ ತಲೆಯಾಡಿಸುವಳು. ಅಲ್ಲಿಯವರೆಗೆ ಅದು ತರಕಾರಿ ಬೆಂದ ನೀರು, ತಲೆಯಾಡಿಸಿದ ಮೇಲೆ ಸೂಪು.

"ಹದವಾಗಿದೆ ದೊಡ್ಡಕ್ಕ," ಎಂದು ಎಲ್ಲರೂ ಒಟ್ಟಿಗೆ ಹೇಳುವರು. ರುಚಿ ನೋಡದೆಯೇ ಹೇಳುವರು, ಅದು ಬೇರೆ ಮಾತು. ದೊಡ್ಡಕ್ಕನಿಗಿಂತ ಮೊದಲು ಹಂಡೆಗೆ ಚಮಚ ಹಾಕುವುದು ಆ ಅಡಿಗೆಮನೆಯಲ್ಲಿ ಕೊಲೆಗಿಂತ ಸ್ವಲ್ಪವೇ ಸಣ್ಣ ತಪ್ಪು. ಅವಳ ನಂತರ ಹಾಕಿ 'ಉಪ್ಪು ಯಾಕೋ...' ಅಂತ ರಾಗ ಎಳೆಯುವುದು ಕೊಲೆಗಿಂತ ದೊಡ್ಡದು. ಒಮ್ಮೆ ಒಬ್ಬಳು ಎಳೆದಿದ್ದಳು. ಅವಳು ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇಲ್ಲ.

ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು ಸೇರಿ ನೂರ ಎಂಬತ್ತು ಜನ ದಿನಾ ಆ ಸೂಪಿನಲ್ಲಿ ಬ್ರೆಡ್ಡು ಅದ್ದಿ ತಿಂದರು. 'ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು' ಎಂಬ ಗಾದೆಯನ್ನು ಯಾರೋ ದೊಡ್ಡಕ್ಕನನ್ನು ನೋಡಿಯೇ ಮಾಡಿರಬೇಕು. ಅವಳ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ನಾಲಿಗೆ. ಉಳಿದವರ ಬಾಯಲ್ಲಿ ಇರುವುದು ಅಂಚೆ ಚೀಟಿ ಅಂಟಿಸುವುದಕ್ಕೆ.

ಇಂಥ ನಾಲಿಗೆ ಎರಡು ವರ್ಷದ ಹಿಂದೆ ಸತ್ತುಹೋಗಿತ್ತು.

ಮೂರು ವಾರ ಕೆಟ್ಟ ಜ್ವರ ಬಂದು ಎದ್ದವಳಿಗೆ ಗಂಜಿ ಕುಡಿದರೂ ಒಂದೇ, ಔಷಧಿ ಕುಡಿದರೂ ಒಂದೇ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಬಿಸಿ ಯಾವುದು ತಣ್ಣಗೆ ಯಾವುದು ಅನ್ನುವುದಷ್ಟೇ ಗೊತ್ತಾಗುತ್ತಿತ್ತು. ಡಾಕ್ಟರು ಬಾಯಿ ಅಗಲಿಸಿ ಟಾರ್ಚು ಬಿಟ್ಟು ನೋಡಿ, "ಬಂದ್ರೆ ಬರುತ್ತೆ, ಬರದಿದ್ರೆ ಇಲ್ಲ," ಎಂದು ಗಹನವಾದ ಅಭಿಪ್ರಾಯ ಕೊಟ್ಟರು. ದೊಡ್ಡಕ್ಕ ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ? ತನಗಿಂತ ಮೊದಲು ಇದ್ದ ಅಡಿಗೆಯವನನ್ನು 'ಮುದುಕನ ನಾಲಿಗೆ ಹೋಗಿದೆ ಸಾರ್, ಉಪ್ಪು ಎರಡೆರಡು ಸಲ ಹಾಕ್ತಾನೆ' ಎಂದು ಆಗಿನ ಮ್ಯಾನೇಜರಿನ ಕಿವಿಯಲ್ಲಿ ಊದಿ ಮನೆಗೆ ಕಳಿಸಿದ್ದವಳು ಇವಳೇ. ನಾಲಿಗೆ ಇಲ್ಲದ ಅಡಿಗೆಯವರಿಗೆ ಏನಾಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಮನೆಯಲ್ಲೂ ಹೇಳಲಿಲ್ಲ. ಮಗ ಸೊಸೆಯ ಜೊತೆ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವಳ ವಾಸ. ಸೊಸೆ ಏನು ಬಡಿಸಿದರೂ ಒಂದು ತುತ್ತು ತಿಂದು "ಉಪ್ಪು ಸ್ವಲ್ಪ ಕಮ್ಮಿ" ಅನ್ನುವುದು ಅತ್ತೆಯಾದವಳ ಕರ್ತವ್ಯವೆಂದು ಅವಳು ಮಗನ ಮದುವೆಯ ಮಾರನೇ ದಿನದಿಂದ ನಂಬಿದ್ದಳು. ಜ್ವರ ಬಿಟ್ಟ ಮೇಲೆ ಆ ಮಾತು ನಿಲ್ಲಿಸಿದರೆ ಅನುಮಾನ ಬಂದೀತು ಎಂದು ಅದನ್ನೇ ಮುಂದುವರಿಸಿದಳು. ಸೊಸೆ ಪಾಪ, ಮಾತು ಕೇಳುವ ಹುಡುಗಿ, ದಿನಾ ಒಂದು ಚಿಟಿಕೆ ಏರಿಸುತ್ತ ಹೋದಳು. ಎರಡು ವರ್ಷದಲ್ಲಿ ಮಗನಿಗೆ ರಕ್ತದೊತ್ತಡ ಬಂತು. ದೊಡ್ಡಕ್ಕ, "ಈಗಿನ ಹುಡುಗರಿಗೆ ಎಲ್ಲದಕ್ಕೂ ಟೆನ್ಷನ್ನು," ಎಂದು ನಿಟ್ಟುಸಿರು ಬಿಟ್ಟಳು.

ಕ್ಯಾಂಟೀನಿನಲ್ಲಿ ಅವಳನ್ನು ಕಾಪಾಡಿದ್ದು ಲೆಕ್ಕ. ಮೊದಲು ಕಣ್ಣಳತೆಯಲ್ಲಿ ಹಾಕುತ್ತಿದ್ದವಳು ಈಗ ಪ್ರತಿಯೊಂದು ಡಬ್ಬಿಗೂ ಅದರ ಮುಚ್ಚಳವನ್ನೇ ಅಳತೆ ಮಾಡಿಕೊಂಡಳು. ಉಪ್ಪು ಹನ್ನೊಂದು ಮುಚ್ಚಳ, ಮೆಣಸಿನ ಪುಡಿ ಮೂರು, ಖಾರದ ಪುಡಿ ಏಳು. ಹಾಕುವಾಗ ಸದ್ದಿಲ್ಲದೆ ತುಟಿ ಅಲುಗಿಸುತ್ತ ಎಣಿಸುವಳು. ಅದನ್ನು ನೋಡಿದವರು ದೊಡ್ಡಕ್ಕ ದೇವರ ನಾಮ ಹೇಳಿಕೊಳ್ಳುತ್ತಾಳೆಂದು ತಿಳಿದು ಇನ್ನಷ್ಟು ಭಕ್ತಿಯಿಂದ ದೂರ ನಿಲ್ಲುತ್ತಿದ್ದರು.

ಈ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಆದರೆ ಮ್ಯಾನೇಜರು ಮನಸ್ಸು ಮಾಡಿದರೆ ಇನ್ನೆರಡು ವರ್ಷ ಮುಂದುವರಿಸಬಹುದು. ಹೊಸದಾಗಿ ಬಂದ ಮ್ಯಾನೇಜರು ಮಹಾ ಕಟ್ಟುನಿಟ್ಟಿನ ಮನುಷ್ಯ. ಪೆನ್ನಿನ ಕ್ಯಾಪಿಗೂ ರಸೀದಿ ಕೇಳುವಂಥವನು. "ಬುಧವಾರ ಕ್ಯಾಂಟೀನಲ್ಲೇ ಊಟ ಮಾಡ್ತೀನಿ. ಊಟ ಆದ್ಮೇಲೆ ಫೈಲು ನೋಡೋಣ," ಅಂದಿದ್ದ. ಎರಡು ವರ್ಷ ಸಿಗದಿದ್ದರೆ ದೊಡ್ಡಕ್ಕನಿಗೆ ಉಳಿಯುವುದು ಟೀವಿ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಅಡಿಗೆಮನೆ ಸೊಸೆಯದು, ಟೀವಿಯ ರಿಮೋಟು ಮೊಮ್ಮಗಳದು, ಕಿಟಕಿಯಾಚೆ ಕಾಣುವುದು ಎದುರು ಮನೆಯವರ ಒಣಗಿದ ಬಟ್ಟೆ. ಅದನ್ನು ನೆನೆಸಿಕೊಂಡರೆ ಅವಳಿಗೆ ಅಳು ಬರುತ್ತಿತ್ತು.

ಬುಧವಾರ ಬಂತು. ಹನ್ನೊಂದು ಗಂಟೆಗೆ ದೊಡ್ಡಕ್ಕ ಎಣಿಸಿ ಏಳು ಮುಚ್ಚಳ ಖಾರದ ಪುಡಿ ಹಾಕಿದಳು. ಸೂಪು ಇವತ್ತು ಯಾಕೋ ಕೆಂಪಗೆ ಕಳೆಕಳೆಯಾಗಿದೆ ಅನ್ನಿಸಿತು. ಟೊಮೆಟೊ ಚೆನ್ನಾಗಿ ಬಂದಿರಬೇಕು, ದೇವರು ದೊಡ್ಡವನು ಅಂದುಕೊಂಡಳು. ಹನ್ನೊಂದೂವರೆಗೆ ಅಂಗೈಗೆ ಬಿಟ್ಟುಕೊಂಡಳು, ಹೀರಿದಳು, ಕಣ್ಣು ಮುಚ್ಚಿದಳು, ತಲೆಯಾಡಿಸಿದಳು.

"ಹದವಾಗಿದೆ ದೊಡ್ಡಕ್ಕ!"

ರೂಢಿಯ ಪ್ರಕಾರ ಮೊದಲ ಬಟ್ಟಲು ಉಗ್ರಾಣದವನಿಗೆ. ಸೊಂಟದಲ್ಲಿ ಸದಾ ಕೀಲಿಗೊಂಚಲು ಆಡಿಸುತ್ತಿದ್ದುದರಿಂದ ಅವನಿಗೆ ಕೀಲಿಕೈ ಎಂದೇ ಹೆಸರು. ಅವನು ಒಂದು ಚಮಚ ಬಾಯಿಗೆ ಹಾಕಿದ. ಅವನ ಬೋಳು ತಲೆಯ ಮೇಲೆ ಬೆವರು ಒಂದೊಂದೇ ಹನಿಯಾಗಿ ಎದ್ದಿತು. ಮೂಗು ಸೋರಿತು. ಅವನು ಗೋಡೆ ಹಿಡಿದುಕೊಂಡು, "ದೊಡ್ಡಕ್ಕ... ಇವತ್ತಿಂದು... ಬೇರೇನೇ ಲೆವೆಲ್ಲು," ಎಂದವನೇ ನಲ್ಲಿಯ ಕೆಳಗೆ ಬಾಯಿ ಒಡ್ಡಿ ನಿಂತ.

ಎರಡನೆಯದು ತರಕಾರಿ ಹೆಚ್ಚುವವಳಿಗೆ. ದೊಡ್ಡಕ್ಕನ ನಂತರದವಳು ಎಂಬ ಅರ್ಥದಲ್ಲಿ ಅವಳನ್ನು ಚಿಕ್ಕಕ್ಕ ಅನ್ನುತ್ತಿದ್ದರು. ಹನ್ನೆರಡು ವರ್ಷದಿಂದ ಆ 'ನಂತರ' ಬರುವುದನ್ನೇ ಕಾಯುತ್ತಿದ್ದಳು. ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. "ಏನೇ ಅದು, ಅಳ್ತಿದೀಯ?" ಎಂದಳು ದೊಡ್ಡಕ್ಕ.

"ಈರುಳ್ಳಿ ಹೆಚ್ಚಿದ್ನಲ್ಲ ದೊಡ್ಡಕ್ಕ, ಅದಕ್ಕೆ. ಸೂಪು ಹದವಾಗಿದೆ."

ಈರುಳ್ಳಿ ಹೆಚ್ಚಿ ಮುಗಿಸಿದ್ದು ಬೆಳಿಗ್ಗೆ ಎಂಟಕ್ಕೆ.

ಮೂರನೆಯವನು ಪಾತ್ರೆ ತೊಳೆಯುವ ಪಾತ್ರೆ ಮಾಮ. ಅವನು ಬಟ್ಟಲು ಬಾಯಿಗೆ ಇಟ್ಟು, ನುಂಗಿ, ಬಹಳ ಹೊತ್ತು ನೆಲ ನೋಡುತ್ತ ನಿಂತ. ಆಮೇಲೆ ಬಿಕ್ಕಳಿಕೆಯ ನಡುವೆ, "ಚೆನ್... ಚೆನ್ನಾಗಿದೆ ದೊಡ್ಡಕ್ಕ," ಎಂದ. ಬಟ್ಟಲಲ್ಲಿ ಉಳಿದದ್ದನ್ನು ತನ್ನ ತೊಟ್ಟಿಗೆ ಸುರಿದುಕೊಂಡದ್ದು ಮಾತ್ರ ದೊಡ್ಡಕ್ಕನ ಕಣ್ಣಿಗೆ ಬಿತ್ತು.

ಅವಳು ಮತ್ತೆ ಹಂಡೆಯೊಳಗೆ ಇಣುಕಿದಳು. ಅಷ್ಟರಲ್ಲಿ ಕೀಲಿಕೈ ನಲ್ಲಿಯಿಂದ ಬಾಯಿ ತೆಗೆದು, ಮೆಚ್ಚುಗೆ ಗಿಟ್ಟಿಸುವ ದನಿಯಲ್ಲಿ ಕೇಳಿದ: "ಖಾರದ ಪುಡಿಗೆ ಹೊಸ ಡಬ್ಬಿ ಇಟ್ಟಿದೀನಿ, ನೋಡಿದ್ರಾ ದೊಡ್ಡಕ್ಕ? ಹಳೇದು ತುಕ್ಕು ಹಿಡಿದಿತ್ತು. ಮ್ಯಾನೇಜರು ಬರ್ತಾರಲ್ಲ, ಅಡಿಗೆಮನೆ ಫಳಫಳ ಅನ್ಲಿ ಅಂತ."

ದೊಡ್ಡಕ್ಕ ಹೊಸ ಡಬ್ಬಿಯ ಮುಚ್ಚಳವನ್ನು ಕೈಗೆ ತೆಗೆದುಕೊಂಡಳು. ಬಟ್ಟಲಿನಷ್ಟು ಅಗಲ. ಹಿಂಬಾಗಿಲ ಗುಜರಿಯ ಮೂಟೆಯಲ್ಲಿ ಹಳೆಯ ಡಬ್ಬಿ ಸಿಕ್ಕಿತು. ಯಾರೂ ಕಾಣದ ಹಾಗೆ ಹೊಸ ಮುಚ್ಚಳದ ತುಂಬ ಪುಡಿ ತುಂಬಿ ಹಳೆಯ ಮುಚ್ಚಳಕ್ಕೆ ಸುರಿದು ನೋಡಿದಳು. ಒಂದು ಸಲ ತುಂಬಿತು. ಎರಡು ಸಲ ತುಂಬಿತು. ಮೂರನೆಯ ಸಲಕ್ಕೂ ಅರ್ಧ ಬಂತು. ಅಂದರೆ ಹಂಡೆಯಲ್ಲಿರುವುದು ಏಳಲ್ಲ, ಹದಿನೇಳೂವರೆ ಮುಚ್ಚಳ ಖಾರ. ಎಣಿಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಮುಚ್ಚಳವನ್ನು ನೋಡುವ ಅಭ್ಯಾಸವೇ ಇಲ್ಲದ್ದರಿಂದ ನೋಡಿರಲಿಲ್ಲ, ಅಷ್ಟೆ. ನಾಲಿಗೆ ಇದ್ದವಳಾಗಿದ್ದರೆ ಮೊದಲ ಹನಿಗೇ ಹೌಹಾರಿ ಕೂಗುತ್ತಿದ್ದಳು. ಅವಳೋ ಕಣ್ಣು ಮುಚ್ಚಿ ಆಶೀರ್ವಾದ ಮಾಡಿದ್ದಳು!

ಹನ್ನೆರಡಕ್ಕೆ ಹದಿನೈದು ನಿಮಿಷ. ಊಟದ ಗಂಟೆ ಹನ್ನೆರಡೂವರೆಗೆ.

ದೊಡ್ಡಕ್ಕನಿಗೆ ಖಾರ ಇಳಿಸುವ ವಿದ್ಯೆ ಗೊತ್ತಿರಲಿಲ್ಲ ಅಂತಲ್ಲ. ಆಲೂಗಡ್ಡೆ ಹಾಕಬೇಕು, ಬೇಳೆ ಬೇಯಿಸಿ ಸೇರಿಸಬೇಕು, ಹಾಲು ಬಿಡಬೇಕು, ಚೂರು ಸಕ್ಕರೆ ಹಾಕಬೇಕು. ಎಲ್ಲ ಗೊತ್ತು. ಎಷ್ಟು ಹಾಕಿದರೆ ಸಾಕು ಎಂದು ತಿಳಿಯುವುದು ಮಾತ್ರ ನಾಲಿಗೆಯಿಂದ. "ಇವತ್ತು ಮ್ಯಾನೇಜರು ಬರ್ತಾರೆ, ಸ್ವಲ್ಪ ಮೆದುವಾಗಿರ್ಲಿ. ಖಾರ ಒಂಚೂರು ಇಳಿಸೋಣ," ಎಂದಳು, ಏನೂ ಆಗದವಳ ಹಾಗೆ.

ಆ ಮಾತಿಗೇ ಕಾಯುತ್ತಿದ್ದವರಂತೆ ಮೂವರೂ ಹಂಡೆಯ ಮೇಲೆ ಬಿದ್ದರು. ಪಾತ್ರೆ ಮಾಮ ಎರಡು ಬಕೆಟ್ ನೀರು ಹೊಯ್ದ. ಚಿಕ್ಕಕ್ಕ, ಹುಳಿ ಖಾರವನ್ನು ಕೊಲ್ಲುತ್ತದೆ ಎಂದು ಹತ್ತು ನಿಂಬೆಹಣ್ಣು ಹಿಂಡಿದಳು. ಅದನ್ನು ನೋಡದ ಕೀಲಿಕೈ, ಹಾಲು ಖಾರವನ್ನು ಕೊಲ್ಲುತ್ತದೆ ಎಂದು ಚಹಾಕ್ಕೆ ಇಟ್ಟಿದ್ದ ನಾಲ್ಕು ಲೀಟರ್ ಹಾಲು ಸುರಿದ. ನಿಂಬೆಹಣ್ಣು ಮತ್ತು ಹಾಲು ಒಂದನ್ನೊಂದು ಕೊಂದವು. ಖಾರ ಆರಾಮವಾಗಿ ಬದುಕಿಕೊಂಡಿತು. ಒಡೆದ ಹಾಲು ಬಿಳಿ ಚೂರುಚೂರಾಗಿ ಮೇಲೆ ತೇಲಿತು.

"ಈಗ ಹೇಗಿದೆ?" ಎಂದಳು ದೊಡ್ಡಕ್ಕ.

ಚಿಕ್ಕಕ್ಕ ಒಂದು ಚಮಚ ಕುಡಿದಳು. "ಹದವಾಗಿದೆ."

"ಖಾರ ಇಳಿದಿದೆಯಾ?"

"ಖಾರನೂ ಹದವಾಗಿದೆ ದೊಡ್ಡಕ್ಕ. ಮೊದ್ಲೂ ಹದವಾಗಿತ್ತು."

"ಮೊದ್ಲೂ ಹದವಾಗಿದ್ರೆ ಈಗ ಕಮ್ಮಿ ಆಗಿರ್ಬೇಕಲ್ಲ?"

ಚಿಕ್ಕಕ್ಕ ಗೊಂದಲಕ್ಕೆ ಬಿದ್ದಳು. ಸರಿಯಾದ ಉತ್ತರ ಯಾವುದು, ದೊಡ್ಡಕ್ಕನಿಗೆ ಯಾವುದು ಬೇಕು? "ನಿಮಗೆ ಹೇಗನ್ಸುತ್ತೋ ಹಾಗೇ ಇದೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು.

ದೊಡ್ಡಕ್ಕ ಪಾತ್ರೆ ಮಾಮನ ಕಡೆ ತಿರುಗಿದಳು. ಅವನು ಕೇಳುವ ಮೊದಲೇ "ಚೆನ್ನಾಗಿದೆ" ಎಂದ. ಕೀಲಿಕೈ ಅಂತೂ "ನೀವು ಮುಟ್ಟಿದ್ದೆಲ್ಲ ಅಮೃತ" ಎಂದು ಇನ್ನೊಂದು ಲೋಟ ನೀರು ಕುಡಿದ. ಅವಳಿಗೆ ತಲೆಕೆಟ್ಟುಹೋಯಿತು. "ನಿಜ ಹೇಳ್ರೋ! ಸುಳ್ಳು ಹೇಳಿದೋರನ್ನ ಇವತ್ತೇ ಮನೆಗೆ ಕಳಿಸ್ತೀನಿ!" ಎಂದು ಸೌಟು ಎತ್ತಿದಳು. ಅಷ್ಟು ಹೇಳಿದ್ದೇ ತಡ, ಸೂಪು ಅವರೆಲ್ಲರ ಬಾಯಲ್ಲಿ ಇನ್ನಷ್ಟು ಹದವಾಯಿತು. ಇಷ್ಟು ರುಚಿಯಾದ ಸೂಪನ್ನು ತನ್ನ ಜೀವಮಾನದಲ್ಲೇ ಕುಡಿದಿಲ್ಲ ಎಂದು ಪಾತ್ರೆ ಮಾಮ ತನ್ನ ತಾಯಿಯ ಆಣೆ ಇಟ್ಟ.

ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಹಾಗೆ. ಇಪ್ಪತ್ತೇಳು ವರ್ಷ ಕಷ್ಟಪಟ್ಟು, ಬೈದು, ಗದರಿಸಿ, ಇವರ ಬಾಯಿಗೆ ಅವಳೇ ಹಾಕಿದ್ದ ಬೀಗ ಅದು. ಈಗ ಕೀಲಿ ಬೇಕು ಅಂದರೆ ಎಲ್ಲಿಂದ ಬರಬೇಕು? ಗಡಿಯಾರ ಹನ್ನೆರಡಾಗಿ ಐದು ನಿಮಿಷ ತೋರಿಸುತ್ತಿತ್ತು. ಹೊರಗೆ ಬಸ್ಸುಗಳು ಒಂದೊಂದಾಗಿ ಒಳಬಂದು ನಿಲ್ಲುವ ಸದ್ದು ಕೇಳುತ್ತಿತ್ತು. ದೊಡ್ಡಕ್ಕ ಸೌಟನ್ನು ಕೆಳಗಿಟ್ಟಳು.

"ನನ್ನ ನಾಲಿಗೆ ಸತ್ತು ಎರಡು ವರ್ಷ ಆಯ್ತು," ಎಂದಳು. "ಜ್ವರ ಬಂದಿತ್ತಲ್ಲ, ಆಗಿಂದ. ಉಪ್ಪು ಗೊತ್ತಾಗಲ್ಲ, ಖಾರ ಗೊತ್ತಾಗಲ್ಲ. ಮುಚ್ಚಳ ಎಣಿಸಿ ಹಾಕ್ತಿದ್ದೆ. ಇವತ್ತು ಮುಚ್ಚಳ ದೊಡ್ಡದಾಗಿತ್ತು. ನಂಗೆ ಗೊತ್ತಾಗ್ಲಿಲ್ಲ."

ಮೂವರೂ ಅವಳನ್ನು ನೋಡಿದರು. ಆಮೇಲೆ ಚಿಕ್ಕಕ್ಕ ನಕ್ಕಳು, ತಪ್ಪು ಮಾಡಿ ಸಿಕ್ಕಿಬಿದ್ದವರು ನಗುವ ಹಾಗೆ. "ಪರೀಕ್ಷೆ ಮಾಡ್ತಿದೀರಾ ದೊಡ್ಡಕ್ಕ? ನಾವೇನು ನಿಮ್ಮ ಮಾತು ಮೀರಿದ್ವಾ?"

"ಪರೀಕ್ಷೆ ಅಲ್ವೇ!"

"ಗೊತ್ತು ಬಿಡಿ," ಎಂದ ಕೀಲಿಕೈ, ಕಣ್ಣು ಮಿಟುಕಿಸಿ. "ನಿಮ್ಮ ನಾಲಿಗೆ ಹೋಗೋದಾ? ಸೂರ್ಯ ಬೇಕಾದ್ರೆ ಹೋದಾನು."

ಜೀವಮಾನದಲ್ಲಿ ಮೊದಲ ಸಲ ಆಡಿದ ನಿಜವನ್ನು ಯಾರೂ ನಂಬುತ್ತಿಲ್ಲ! ದೊಡ್ಡಕ್ಕ ಹೊಸ ಡಬ್ಬಿಗೆ ಹೊಸ ಮುಚ್ಚಳ ಅದ್ದಿ, ತುಂಬ ಖಾರದ ಪುಡಿ ತೆಗೆದು ಬಾಯಿಗೆ ಸುರಿದುಕೊಂಡಳು. ಅಗಿದಳು. ಪಾತ್ರೆ ಮಾಮ "ಅಯ್ಯಯ್ಯೋ" ಎಂದು ಮುಂದೆ ಬಂದವನು ಅಲ್ಲೇ ನಿಂತುಬಿಟ್ಟ. ದೊಡ್ಡಕ್ಕನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಮೂಗು ಸೋರಲಿಲ್ಲ. ಒಣಪುಡಿ ಗಂಟಲಿಗೆ ಹತ್ತಿ ಒಂದು ಸಲ ಕೆಮ್ಮಿದಳು, ಅಷ್ಟೆ. ಕೆಂಪಗಾದ ನಾಲಿಗೆಯನ್ನು ಹೊರಗೆ ಚಾಚಿ ಮೂವರಿಗೂ ತೋರಿಸಿದಳು.

ಅಡಿಗೆಮನೆ ಸ್ತಬ್ಧವಾಯಿತು. ಈ ಸಲ ಯಾರೂ ಬೇಕೆಂದು ಉಸಿರು ಹಿಡಿದಿರಲಿಲ್ಲ. ಚಿಕ್ಕಕ್ಕ ನಿಧಾನವಾಗಿ ಸೌಟು ಎತ್ತಿಕೊಂಡು, ಸೂಪು ಹೀರಿ, ತೊಟ್ಟಿಗೆ ಉಗಿದಳು.

"ಥೂ," ಎಂದಳು. "ಬೆಂಕಿ. ಬಾಯಿಗೆ ಇಡೋಕಾಗಲ್ಲ. ಹುಳಿ ಬೇರೆ. ಯಾವ ಶತ್ರುಗೂ ಕೊಡಬಾರದು ಇದನ್ನ."

ದೊಡ್ಡಕ್ಕನಿಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಕಟ್ಟೆ ಒಡೆದ ಮೇಲೆ ನೀರು ಹೇಳಿದಷ್ಟಕ್ಕೇ ನಿಲ್ಲುತ್ತದೆಯೇ? "ಹೋದ ಸೋಮವಾರದ್ದು ಉಪ್ಪುಪ್ಪು," ಎಂದ ಪಾತ್ರೆ ಮಾಮ, ತುಂಬ ದಿನದ ಭಾರ ಇಳಿಸುವವನಂತೆ. "ಡ್ರೈವರುಗಳು ಬ್ಯಾಗಲ್ಲಿ ಉಪ್ಪಿನಕಾಯಿ ಬಾಟಲಿ ಇಟ್ಕೊಂಡು ಬರ್ತಾರೆ, ನಿಮಗೆ ಕಾಣದ ಹಾಗೆ," ಎಂದ ಕೀಲಿಕೈ. ಅವನು ಇನ್ನೂ ಹೇಳುತ್ತಿದ್ದ, ಚಿಕ್ಕಕ್ಕ ಅಡ್ಡ ಬಾಯಿ ಹಾಕಿದಳು.

"ಪಾಪ, ಎರಡು ವರ್ಷದ ಮಾತು ಬಿಡ್ರೋ. ಜ್ವರಕ್ಕೆ ಮುಂಚೆ ಏನು ಮಹಾ ಇತ್ತು? ಆವಾಗ್ಲೂ ಉಪ್ಪು ಜಾಸ್ತಿನೇ."

ಇದು ದೊಡ್ಡಕ್ಕನಿಗೆ ತಾಗಿತು. ಒಂದು ಮುಚ್ಚಳ ಖಾರ ಬಾಯಿಗೆ ಹಾಕಿಕೊಂಡರೂ ಉರಿಯದವಳಿಗೆ ಈಗ ಮೈಯೆಲ್ಲ ಉರಿಯಿತು. ಎರಡು ವರ್ಷದಿಂದ ರಾತ್ರಿ ಮಲಗುವಾಗ ಅವಳು ಆ ನಾಲಿಗೆಗಾಗಿ ಒಳಗೊಳಗೇ ಅತ್ತಿದ್ದಳು. ಅಂಥ ನಾಲಿಗೆ ಇನ್ನೊಂದಿಲ್ಲ ಎಂದು ನಂಬಿದ್ದಳು. ಅದು ಇದ್ದಾಗಲೂ ಅಷ್ಟಕ್ಕಷ್ಟೇ ಆಗಿತ್ತೆಂದರೆ, ಅವಳು ಇಷ್ಟು ದಿನ ಅತ್ತದ್ದಾದರೂ ಯಾತಕ್ಕಾಗಿ?

"ಆವಾಗ್ಲೂನಾ?" ಎಂದು ಮೆಲ್ಲಗೆ ಕೇಳಿದಳು.

"ಆವಾಗ್ಲೂ," ಎಂದಳು ಚಿಕ್ಕಕ್ಕ. ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದಳು. "ಅಳೋಕೆ ಆಮೇಲೆ ಟೈಮಿದೆ ದೊಡ್ಡಕ್ಕ. ಈಗ ಆ ಸಣ್ಣ ಹಂಡೆ ತನ್ನಿ."

ತನ್ನಿ ಅಂದಳು. ದೊಡ್ಡಕ್ಕ ತಂದಳು. ಇಪ್ಪತ್ತೇಳು ವರ್ಷದಲ್ಲಿ ಆ ಅಡಿಗೆಮನೆಯಲ್ಲಿ ಅವಳು ಯಾರಿಗೂ ಏನನ್ನೂ ತಂದುಕೊಟ್ಟವಳಲ್ಲ. ಅರ್ಧಕ್ಕಿಂತ ಹೆಚ್ಚು ಸೂಪನ್ನು ಚಿಕ್ಕಕ್ಕ ಸಣ್ಣ ಹಂಡೆಗೆ ಬಗ್ಗಿಸಿ ಆಚೆ ಇಡಿಸಿದಳು. ಸಂಜೆ ಪಾಳಿಯವರಿಗೆಂದು ಬೇಯಿಸಿಟ್ಟಿದ್ದ ಆಲೂಗಡ್ಡೆಯನ್ನು ದೊಡ್ಡಕ್ಕ ಎರಡೂ ಕೈಯಲ್ಲಿ ಹಿಸುಕಿ ಹಿಸುಕಿ ಹಾಕಿದಳು. ಬೆಂದ ಬೇಳೆ ಹೋಯಿತು, ಬಿಸಿನೀರು ಹೋಯಿತು, ಸಕ್ಕರೆ ಒಂದು ಹಿಡಿ ಹೋಯಿತು. ಚಿಕ್ಕಕ್ಕ ರುಚಿ ನೋಡಿ "ಇನ್ನೂ ಇದೆ" ಅನ್ನುವಳು, ದೊಡ್ಡಕ್ಕ ಇನ್ನಷ್ಟು ಹಿಸುಕುವಳು. ಪಾತ್ರೆ ಮಾಮ "ಉಪ್ಪು ಬೇಕು" ಅಂದ. ಆ ಅಡಿಗೆಮನೆಯಲ್ಲಿ ಹಾಗೆ ಅಂದವನನ್ನು ಯಾರೂ ಕೊಲ್ಲಲಿಲ್ಲ. "ಒಡೆದ ಹಾಲು?" ಎಂದು ದೊಡ್ಡಕ್ಕ ಹೆದರಿ ಕೇಳಿದರೆ ಚಿಕ್ಕಕ್ಕ, "ಬೇಳೆ ಅಂದ್ಕೊಂಡು ತಿಂತಾರೆ ಬಿಡಿ," ಎಂದಳು.

ಹನ್ನೆರಡೂವರೆಗೆ ಗಂಟೆ ಹೊಡೆಯಿತು. ಮ್ಯಾನೇಜರು ಬಂದ. ಕಂಡಕ್ಟರುಗಳ ನಡುವೆ ಕೂತು, ಕರವಸ್ತ್ರವನ್ನು ಕಾಲರಿಗೆ ಸಿಕ್ಕಿಸಿಕೊಂಡು ಬಟ್ಟಲು ಖಾಲಿ ಮಾಡಿದ. ಇನ್ನೊಂದು ಬಟ್ಟಲು ಕೇಳಿದ. ಅವತ್ತು ಯಾವ ಬ್ಯಾಗಿನಿಂದಲೂ ಉಪ್ಪಿನಕಾಯಿ ಹೊರಗೆ ಬರಲಿಲ್ಲ. ಅದನ್ನು ದೊಡ್ಡಕ್ಕ ಬಡಿಸುವ ಕಿಟಕಿಯ ಹಿಂದೆ ನಿಂತು ನೋಡಿದಳು. ನೋಡಿದಷ್ಟೂ ಅವಳಿಗೆ ಸಂತೋಷವಾಯಿತು, ಅಷ್ಟೇ ಹೊಟ್ಟೆಯೂ ಉರಿಯಿತು.

"ಬಹಳ ಚೆನ್ನಾಗಿದೆ," ಎಂದು ಮ್ಯಾನೇಜರು ಅಡಿಗೆಮನೆಗೇ ಬಂದು ಫೈಲು ಬಿಚ್ಚಿದ. "ಇಂಥವರನ್ನ ಬಿಟ್ಕೊಡೋಕಾಗುತ್ತಾ? ಎರಡು ವರ್ಷ ಬರೆದಿದೀನಿ. ಇಲ್ಲಿ ಸಹಿ ಮಾಡಿ ಅಮ್ಮ."

ಪೆನ್ನು ಕೈಗೆ ಬಂತು. ಬೇಕಾಗಿದ್ದದ್ದು ಅದೇ. ಪ್ಲಾಸ್ಟಿಕ್ ಕುರ್ಚಿ ಎರಡು ವರ್ಷ ದೂರ ಸರಿದಿತ್ತು. ಹಂಡೆಯ ಪಕ್ಕದಲ್ಲಿ ಚಿಕ್ಕಕ್ಕ ಸೌಟು ಹಿಡಿದು ನಿಂತಿದ್ದಳು, ಮುಖದಲ್ಲಿ ನಗು. ಬೆಳಿಗ್ಗೆ ಆಗಿದ್ದರೆ ಆ ನಗುವನ್ನು ನೋಡಿ ದೊಡ್ಡಕ್ಕ, ನನಗೆ ಒಳ್ಳೇದಾಯಿತೆಂದು ಇವಳಿಗೆ ಎಷ್ಟು ಖುಷಿ ಅಂದುಕೊಳ್ಳುತ್ತಿದ್ದಳು. ಈಗ ನೋಡಿದರೆ ಅದು 'ಹದವಾಗಿದೆ ದೊಡ್ಡಕ್ಕ' ಅನ್ನುವಾಗ ಬರುವ ನಗು. ಸೂಪಿನ ಬೆಂಕಿ ನುಂಗಿಕೊಂಡು ನಗುವ ನಗು.

"ಸಾರ್, ಈ ಸೂಪು ನಂದಲ್ಲ," ಎಂದಳು ದೊಡ್ಡಕ್ಕ. "ಇವಳದು. ನನ್ನ ನಾಲಿಗೆ ಹೋಗಿ ಎರಡು ವರ್ಷ ಆಗಿದೆ. ರುಚಿ ಏನೂ ತಿಳಿಯಲ್ಲ."

ಮ್ಯಾನೇಜರು ಗಾಬರಿಯಾಗಲಿಲ್ಲ. ಫೈಲಿನ ಹಾಳೆ ತಿರುವಿ ಬೆರಳಿಟ್ಟು ಓದಿದ. "ಕಣ್ಣು, ಸರಿಯಿದೆ. ಕಿವಿ, ಸರಿಯಿದೆ. ರಕ್ತದೊತ್ತಡ, ಸಕ್ಕರೆ, ಮೊಣಕಾಲು. ನಾಲಿಗೆಗೆ ಕಾಲಮ್ಮೇ ಇಲ್ಲವಲ್ಲಮ್ಮ?"

"ಆದ್ರೆ ನಾಲಿಗೇನೇ ಇಲ್ವಲ್ಲ ಸಾರ್."

"ಕಾಲಂ ಇಲ್ಲ ಅಂದ್ಮೇಲೆ ಕಾಯಿಲೆನೂ ಇಲ್ಲ. ನೀವು ಸಹಿ ಮಾಡಿ."

ದೊಡ್ಡಕ್ಕ ಪೆನ್ನು ಹಿಡಿದುಕೊಂಡೇ ನಿಂತಳು. ಬಿಟ್ಟುಹೋಗುವುದಕ್ಕೆ ಮನಸ್ಸಿಲ್ಲ, ಇರುವುದಕ್ಕೆ ಮುಖವಿಲ್ಲ. ಕೊನೆಗೆ, "ಹೆಚ್ಚೋ ಕೆಲಸಕ್ಕೆ ನಾಲಿಗೆ ಬೇಕಾಗಲ್ಲ ಸಾರ್. ಅಲ್ಲಿಗೆ ಬರೀರಿ. ಇವಳನ್ನ ಇಲ್ಲಿಗೆ ಬರೀರಿ," ಎಂದಳು. ಮ್ಯಾನೇಜರು ಎರಡು ಪದ ಹೊಡೆದುಹಾಕಿ ಮೂರು ಪದ ಬರೆದು, ಹೊಡೆದುಹಾಕಿದ ಪ್ರತಿಯೊಂದರ ಪಕ್ಕದಲ್ಲೂ ಚಿಕ್ಕ ಸಹಿ ಹಾಕಿಸಿಕೊಂಡು, ಬಹಳ ಸಮಾಧಾನದಿಂದ ಹೋದ. ಚಿಕ್ಕಕ್ಕ ತಿರುಗಿ ನಿಂತು ತುಂಬ ಹೊತ್ತು ಹಂಡೆ ಕಲಕಿದಳು. ಅಷ್ಟು ಕಲಕುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ.

ಆ ಸಂಜೆ ಮನೆಯಲ್ಲಿ ಸೊಸೆ ಬಡಿಸಿ ಎಂದಿನಂತೆ ಕಾದು ನಿಂತಳು. "ನಂಗೆ ರುಚಿ ಗೊತ್ತಾಗಲ್ಲ ಕಣಮ್ಮ. ಎರಡು ವರ್ಷ ಆಯ್ತು. ಉಪ್ಪು ನಿನಗೆ ತೋಚಿದಷ್ಟು ಹಾಕು," ಎಂದಳು ದೊಡ್ಡಕ್ಕ, ತಟ್ಟೆಯಿಂದ ತಲೆಯೆತ್ತದೆ. ಮಗ ತನ್ನ ಮಾತ್ರೆಯ ಪಟ್ಟಿಯನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ.

ಮುಂದಿನ ತಿಂಗಳು ಒಂದನೇ ತಾರೀಖು ದೊಡ್ಡಕ್ಕ ಹೆಚ್ಚುವ ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂತಳು. ಚಿಕ್ಕಕ್ಕ ಸೌಟು ಹಿಡಿದಳು. ಮೊದಲ ದಿನ ಅವಳು ಎಲ್ಲರನ್ನೂ ಕರೆದು, "ನನ್ನ ಹತ್ರ ಹೆದರ್ಕೋಬೇಡಿ. ಏನಿದ್ರೂ ಮುಖಕ್ಕೆ ಹೇಳ್ಬಿಡಿ," ಎಂದು ಭಾಷಣ ಮಾಡಿದಳು. ಎರಡನೇ ದಿನ ಪಾತ್ರೆ ಮಾಮ "ಉಪ್ಪು ಒಂಚೂರು..." ಅಂದ. "ಹೌದಾ? ನಂಗೇನೋ ಸರಿಯಾಗೇ ಇದೆ ಅನ್ಸುತ್ತಪ್ಪ," ಎಂದು ಅವಳು ಹುಬ್ಬು ಏರಿಸಿದಳು. ಬೈಯಲಿಲ್ಲ, ಹುಬ್ಬು ಏರಿಸಿದಳು, ಅಷ್ಟೆ. ಅಷ್ಟು ಸಾಕಾಯಿತು.

ಮೂರನೇ ದಿನ ಹನ್ನೊಂದೂವರೆಗೆ ಚಿಕ್ಕಕ್ಕ ಸೂಪು ಹೀರಿ, ಸುತ್ತ ನೋಡಿ, "ಹೇಗಿದೆ?" ಎಂದಳು.

"ಹದವಾಗಿದೆ ಚಿಕ್ಕಕ್ಕ," ಎಂದರು ಇಬ್ಬರೂ ಒಟ್ಟಿಗೆ.

ಸ್ಟೂಲಿನ ಮೇಲಿದ್ದ ದೊಡ್ಡಕ್ಕ ಚಾಕು ನಿಲ್ಲಿಸಿದಳು. ಅವಳಿಗೆ ರುಚಿ ತಿಳಿಯದು. ಆದರೆ ಪಾತ್ರೆ ಮಾಮನ ಎರಡು ಕಿವಿಯೂ ಕೆಂಪಗಾಗಿದ್ದವು. ಕೀಲಿಕೈ ಏನೂ ಕೆಲಸವಿಲ್ಲದೆ ನಲ್ಲಿಯ ಕಡೆಗೆ ಹೊರಟಿದ್ದ.

"ಸುಳ್ಳು ಹೇಳ್ತಿದಾರೆ," ಎಂದಳು ದೊಡ್ಡಕ್ಕ. "ಖಾರ ಜಾಸ್ತಿಯಾಗಿದೆ."

ಚಿಕ್ಕಕ್ಕನ ಮುಖ ಬಿಗಿಯಿತು. "ನಾಲಿಗೆ ಇಲ್ಲದೋರು ರುಚಿ ಹೇಳೋ ಕಾಲ ಬಂತಾ?"

ಒಂದು ತಿಂಗಳ ಹಿಂದೆ ಆಗಿದ್ದರೆ ಆ ಮಾತಿಗೆ ಅಡಿಗೆಮನೆ ಹಾರಿಹೋಗುತ್ತಿತ್ತು. ಈಗ ದೊಡ್ಡಕ್ಕ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಯಾರೂ ಕೇಳದಿದ್ದರೂ ಇನ್ನೊಂದು ಹತ್ತು ಆಲೂಗಡ್ಡೆ ಸುಲಿಯತೊಡಗಿದಳು.